ಸತ್ತ ತಂತಿಗೆ ಜೀವ ಕೊಟ್ಟವರು

"ಬರ್ಕೊಳ್ಳೇ ಓಡೀಲ್. ನಾನೇ ಮಾಡಿದ್ದು. ಎಷ್ಟು ಸಲ ಹೇಳ್ಬೇಕು ನಿಂಗೆ?"

ನೊರ್ಮಾಂ ದಶೆನ್ ತನ್ನ ಆಲೂಗಡ್ಡೆ ಉಗ್ರಾಣದ ಬಾಗಿಲಿಗೆ ಒರಗಿ ನಿಂತಿದ್ದ. ತಪ್ಪು ಒಪ್ಪಿಕೊಳ್ಳುವಾಗ ಅಳುವವರನ್ನು ನೋಡಿದ್ದೇನೆ, ನನ್ನ ಅಪ್ಪನವರೆಗೂ ಬೈಯುವವರನ್ನು ನೋಡಿದ್ದೇನೆ. ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಅವಸರಪಡಿಸುವವನನ್ನು ನೋಡಿದ್ದು ಇದೇ ಮೊದಲು.

ಬಿದ್ದಲ್ಲೇ ಹೆಪ್ಪುಗಟ್ಟುವ ಐಸ್ ಮಳೆಗೆ ಕಂಬಗಳು ಮುರಿದು ಇಡೀ ಕಣಿವೆಗೆ ಕರೆಂಟಿರಲಿಲ್ಲ. ಸೋಮವಾರ ಈ ಸರೋವರದ ದಾರಿಯಲ್ಲಿ ತಂತಿ ಸರಿಮಾಡಲು ಏರಿದ ಲೈನ್‌ಮನ್ ರೆಯಾಲ್ ಲಗಾಸೆ ಜೀವಂತ ಇಳಿದು ಬರಲಿಲ್ಲ. ಪರೀಕ್ಷಿಸಿ ನೋಡಿದಾಗ ತಂತಿ ಸತ್ತಿತ್ತು. ಅದನ್ನು ನೆಲಕ್ಕೆ ಜೋಡಿಸುವ ಸರಪಳಿ ಹಾಕುವಷ್ಟರಲ್ಲಿ ಅದಕ್ಕೆ ಜೀವ ಬಂದಿತ್ತು.

ಹೇಗೆ ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಯಾರೋ ತಮ್ಮ ಜನರೇಟರನ್ನು ಮನೆಯ ವೈರಿಂಗಿಗೇ ಕೊಟ್ಟಿದ್ದರು, ಮೇನ್ ಸ್ವಿಚ್ಚು ಇಳಿಸದೆ ಮೇಲೆಯೇ ಇತ್ತು, ಅಂದರೆ ಮನೆ ಊರಿನ ತಂತಿಗೆ ಕೂಡಿಯೇ ಇತ್ತು. ಮನೆಗೆ ಇಳಿದು ಬರಬೇಕಾದ ಕರೆಂಟು ಮನೆಯಿಂದ ಕಂಬಕ್ಕೆ ಹತ್ತಿತ್ತು. ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರಿಗೆ ದಿಕ್ಕುದೆಸೆಯ ವಿವೇಕವಿಲ್ಲ. ಮೇಲಿಂದ ಬಂದದ್ದನ್ನು ತಗ್ಗಿಸುತ್ತದೆ, ಕೆಳಗಿಂದ ಬಂದದ್ದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ.

ಆ ತುಂಡು ತಂತಿ ಎರಡೂ ತುದಿಗೆ ಕಡಿದುಹೋಗಿತ್ತು. ಅದಕ್ಕೆ ಅಂಟಿಕೊಂಡಿದ್ದದ್ದು ಮೂರೇ ಮನೆ. ಒಂದು ನೊರ್ಮಾಂನದು. ಇನ್ನೊಂದು ದಕ್ಷಿಣದ ಊರಿನವರ ಬೇಸಿಗೆ ಮನೆ. ಅದರ ಹೊಸಿಲಿನವರೆಗೂ ಹಿಮ ಮುರಿಯದೆ ಬಿದ್ದಿತ್ತು, ಒಳಗೆ ಇಲಿಯೂ ಇರಲಿಲ್ಲ. ಮೂರನೆಯದು ಊರಿಗೆಲ್ಲ ಅತ್ತೆಯಾದ ಆಲ್ಫೊನ್ಸೀನ್ ಅತ್ತೆಯದು. ಗಂಡನನ್ನು ಕಳೆದುಕೊಂಡು ಒಂಟಿಯಾಗಿರುವ ಎಂಬತ್ತು ದಾಟಿದ ಹೆಂಗಸು. ಅವಳ ಹಿತ್ತಲಲ್ಲೊಂದು ಚಿಕ್ಕ ಕೆಂಪು ಜನರೇಟರು, ಅದರಿಂದ ಕಿಟಕಿಯೊಳಗೆ ಹೋದ ಒಂದೇ ಒಂದು ವೈರು, ಆ ವೈರಿಗೆ ಒಂದು ಫ್ರಿಜ್ಜು, ಒಂದು ದೀಪ. ಕರೆಂಟು ಕಂಪನಿಯ ಮೇಸ್ತ್ರಿ ಅದನ್ನು ನೋಡಿ, ಟೋಪಿ ಎತ್ತಿ ನಮಸ್ಕಾರ ಹೇಳಿ ಬಂದಿದ್ದ.

ಹಾಗಾಗಿ ಊರಿಗೆಲ್ಲ ನೊರ್ಮಾಂನೇ ಕಂಡ. ಕಳೆದ ಶರತ್ಕಾಲದಲ್ಲಿ ತಂತಿಗೆ ತಾಗುತ್ತದೆಂದು ರೆಯಾಲ್ ಅವನ ದೇವದಾರು ಸಾಲನ್ನು ಕಡಿಸಿದ್ದ. ಅವತ್ತು ಅಂಗಡಿಯಲ್ಲಿ ಎಲ್ಲರೆದುರು ನೊರ್ಮಾಂ, "ನಿನ್ನ ಕಂಬಕ್ಕೇ ನಿನ್ನ ನೇತಾಕ್ತೀನಿ" ಎಂದಿದ್ದ. ಅವನ ಮಾತು ಯಾವತ್ತೂ ಹಾಗೆಯೇ, ಕೈಗಿಂತ ನಾಲ್ಕು ಹೆಜ್ಜೆ ಮುಂದೆ. ನಿನ್ನೆ ಸಂಜೆ, ನಾನು ತನಿಖೆಯ ಕೆಲಸದಲ್ಲಿರುವ ಶೆರಿಫ್ ಕಚೇರಿಗೆ ತಾನಾಗಿ ಬಂದು ಹೇಳಿಕೆಗೆ ಸಹಿ ಹಾಕಿದ. ಎಲ್ಲಿಗೂ ಓಡಿಹೋಗುವ ಆಸಾಮಿಯಲ್ಲ, ಉಗ್ರಾಣದ ಆಲೂಗಡ್ಡೆ ಹೆಪ್ಪುಗಟ್ಟಿ ಹಾಳಾಗುತ್ತದೆ ಎಂದು ಶೆರಿಫ್ ಅವನನ್ನು ಮನೆಗೆ ಕಳಿಸಿದರು. ಅವರದೂ ಆಲೂಗಡ್ಡೆ ಹೊಲ ಇದೆ.

"ಸ್ವಿಚ್ಚು ತೋರ್ಸು," ಎಂದೆ.

"ಅದೇನ್ ನೋಡೋದಿದೆ? ಮೇನ್ ಇಳಿಸೋದು ಮರೆತೆ. ಜನರೇಟರ್ ಹಾಕ್ದೆ. ಅಷ್ಟೇ."

ನಾನೇ ಒಳಗೆ ಹೋಗಿ ಗೋಡೆಯ ಮೇಲಿನ ಪೆಟ್ಟಿಗೆ ತೆರೆದೆ. ಉಗ್ರಾಣದ ಫ್ಯಾನುಗಳಿಗೆಂದು ಅವನಪ್ಪ ಬದುಕಿದ್ದಾಗಲೇ ಹಾಕಿಸಿದ ದೊಡ್ಡ ಛೇಂಜ್‌ಓವರ್ ಸ್ವಿಚ್ಚು. ಒಂದೇ ಹಿಡಿ. ಮೇಲೆತ್ತಿದರೆ ಕಂಬದ ಕರೆಂಟು, ಕೆಳಗಿಳಿಸಿದರೆ ಜನರೇಟರು. ಎರಡೂ ಒಟ್ಟಿಗೆ ಬರುವುದು ಬ್ರಹ್ಮ ಬಂದರೂ ಸಾಧ್ಯವಿಲ್ಲ, ಅದಕ್ಕೆಂದೇ ಅದನ್ನು ಮಾಡಿರುವುದು. ನಾನು ಹಿಡಿಯನ್ನು ಎತ್ತಿದೆ, ಇಳಿಸಿದೆ, ನಡುವೆ ನಿಲ್ಲಿಸಲು ನೋಡಿದೆ. ಟಕ್ಕನೆ ಒಂದು ಕಡೆಗೇ ಬಿತ್ತು.

"ಎರಡೂ ಒಟ್ಟಿಗೆ ಹಾಕಿ ತೋರ್ಸು, ಬರ್ಕೋತೀನಿ."

ಅವನು ಹಿಡಿಯನ್ನು ನೋಡಿದ, ನನ್ನನ್ನು ನೋಡಿದ.

"ಅವತ್ತು ಆಗಿತ್ತು."

"ಇವತ್ತು?"

"ಇವತ್ತು ಕೈ ನೋವು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಬೆನ್ನು ಹತ್ತಿಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಕುಂಬಳಕಾಯಿಯೇ ಇಲ್ಲದೆ ಹೆಗಲು ಒಡ್ಡಿಕೊಂಡು ನಿಂತವನು ಇವನೊಬ್ಬನೇ. ನನಗೆ ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕಲ್ಲ, ಇಷ್ಟು ಕೆಟ್ಟದಾಗಿ ಹೇಳಿದ್ದಕ್ಕೆ.

"ಜೈಲು ಅಂದ್ರೆ ಏನು ಅಂದ್ಕೊಂಡಿದ್ದೀಯ ನೊರ್ಮಾಂ? ವರ್ಷಗಟ್ಲೆ ಆಗುತ್ತೆ."

"ಗೊತ್ತು. ಅಲ್ಲಿ ದಿನಾ ಬೆಳಿಗ್ಗೆ ಹೆಸರು ಹಿಡಿದು ಕೂಗ್ತಾರಂತಲ್ಲ," ಎಂದು ನಕ್ಕ. "ಇಲ್ಲಿ ನನ್ನ ಹೆಸರು ಕೂಗಿ ಎಷ್ಟು ದಿನ ಆಯ್ತು ಗೊತ್ತಾ? ಇವತ್ತು ನೀನು ಬಂದೆ. ಮೊನ್ನೆ ಆ ಮೇಸ್ತ್ರಿ ಬಂದ, ಅವನೂ ಬೈಯೋಕೆ."

ಆ ಮಾತಿಗೆ ನಾನೂ ನಗಬೇಕಿತ್ತು. ನಗು ಬರಲಿಲ್ಲ. ಕರೆಂಟು ಹೋದಾಗಿನಿಂದ ನಾನು ಕಚೇರಿಯಲ್ಲೇ ಮಲಗುತ್ತಿದ್ದೇನೆ. ಕೆಲಸ ಜಾಸ್ತಿ ಎಂದು ಎಲ್ಲರಿಗೂ ಹೇಳಿದ್ದೇನೆ. ಮನೆಗೆ ಹೋದರೆ ಬಾಗಿಲು ತೆರೆಯುವವಳೂ ನಾನೇ, ಯಾರದು ಎಂದು ಕೇಳಬೇಕಾದವಳೂ ನಾನೇ. ಕಚೇರಿಯಲ್ಲಾದರೆ ಆಗಾಗ ಫೋನು ಬಡಿದುಕೊಳ್ಳುತ್ತದೆ.

ಹೊರಗೆ ಬಂದಾಗ ಉಗ್ರಾಣದ ಪಕ್ಕ ಒಂದು ಜಾರುಗಾಡಿ ಕಂಡಿತು. ಅದರ ಮೇಲೆ ಹಳೆಯ ಕಾಲದ ಹಾಲಿನ ಕ್ಯಾನುಗಳು. ಒಳಗೆ ಹಾಲಲ್ಲ, ನೀರು. ಗಾಡಿಯ ಜಾಡು ಹೊಲ ದಾಟಿ ನೇರ ಆಲ್ಫೊನ್ಸೀನ್ ಅತ್ತೆಯ ಮನೆಯ ಕಡೆ ಹೋಗಿತ್ತು. ದಾರಿಯುದ್ದಕ್ಕೂ ತುಳುಕಿದ ನೀರು ಗಾಜಿನ ಹಾಗೆ ಕಟ್ಟಿಕೊಂಡಿತ್ತು.

"ನೀರು ಯಾರಿಗೆ?"

"ಕೋಳಿಗೆ."

"ಅತ್ತೆ ಯಾವಾಗಿಂದ ಕೋಳಿ ಸಾಕಿದಾರೆ?"

ಅವನು ಕ್ಯಾನಿನ ಮುಚ್ಚಳ ಬಿಗಿದ. ಅವಳ ಗಂಡನಿಗೂ ಇವನಪ್ಪನಿಗೂ ಬೇಲಿಯ ವಿಷಯದಲ್ಲಿ ಜಗಳವಾಗಿ, ಆ ಮನೆಗೂ ಈ ಮನೆಗೂ ಹೋಗಿಬರುವುದು ನಿಂತು ಯಾವ ಕಾಲವಾಯಿತೋ. ಅಂಥವನು ನೀರು ಹೊರುತ್ತಿದ್ದ.

ನಾನು ಜಾಡು ಹಿಡಿದು ಹೊರಟೆ. ಹಿಂದಿನಿಂದ ಅವನ ದನಿ ಬಂತು. ಆ ದನಿಯಲ್ಲಿ ಈ ಸಲ ಅವಸರವಿರಲಿಲ್ಲ.

"ಓಡೀಲ್, ಅಲ್ಲಿಗೆ ಹೋಗ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಮೂವತ್ತು ವರ್ಷದಿಂದ ಬಲ್ಲೆ ಅವನನ್ನು. ಯಾರಿಗೂ ದಯವಿಟ್ಟು ಎಂದು ಸಹ ಅಂದವನಲ್ಲ. ನಾನು ಇನ್ನಷ್ಟು ಬೇಗ ನಡೆದೆ.

* * *

ಅತ್ತೆಯ ಮನೆ ದಾರಿ ಮುಗಿಯುವಲ್ಲಿದೆ. ಅದರಾಚೆ ಸರೋವರ, ಅದರಾಚೆ ಕಾಡು. ಕಿಟಕಿಯಿಂದ ನೋಡಿದರೆ ಇನ್ನೊಂದು ಮನೆಯ ದೀಪ ಕಾಣುವುದಿಲ್ಲ. ನೊರ್ಮಾಂನ ಮನೆ ಗುಡ್ಡದ ಮರೆಯಲ್ಲಿದೆ, ಬೇಸಿಗೆ ಮನೆಯವರು ಮೇಪಲ್ ಎಲೆ ಉದುರುವ ಮೊದಲೇ ಓಡಿಹೋಗುತ್ತಾರೆ. ಚಿಮಣಿಯಿಂದ ಹೊಗೆ ಏಳದಿದ್ದರೆ ಈ ಮನೆಯಲ್ಲಿ ಜನವಿದೆ ಎಂದು ಹೇಳಲು ಬೇರೆ ಗುರುತೇ ಇಲ್ಲ.

ಇವತ್ತು ಇತ್ತು. ವರಾಂಡದಿಂದ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಒಗೆದ ಬಟ್ಟೆ. ಹಾಸಿಗೆಯ ಹೊದಿಕೆಗಳು ಹಲಗೆಯಾಗಿ ಮರಗಟ್ಟಿದ್ದವು. ನಮ್ಮ ಕಡೆ ಹೆಂಗಸರು ಚಳಿಗಾಲದಲ್ಲೂ ಹೊರಗೇ ಒಣಹಾಕುತ್ತಾರೆ. ಮಷಿನ್ನಿನಲ್ಲಿ ಒಣಗಿಸಿದರೆ ಬಟ್ಟೆಗೆ ವಾಸನೆ ಬರುವುದಿಲ್ಲ ಎಂಬ ನಂಬಿಕೆ. ಸೋಮವಾರ ಒಗೆತದ ದಿನ. ಪೋಪ್ ತೀರಿಕೊಂಡರೂ ಸೋಮವಾರ ಒಗೆತ ತಪ್ಪುವುದಿಲ್ಲ.

ಬಟ್ಟೆಗಳನ್ನು ನೋಡುತ್ತಾ ನಾನು ಅಲ್ಲೇ ನಿಂತೆ.

ಈ ಕಣಿವೆಯಲ್ಲಿ ಪ್ರತಿ ಮನೆಗೂ ಬೋರ್‌ವೆಲ್. ಕರೆಂಟು ಹೋದರೆ ನಲ್ಲಿ ಒಣಗುತ್ತದೆ. ಐಸ್ ಮಳೆಯ ಮರುದಿನದಿಂದ ಇಡೀ ಊರು ಹಿಮ ಕರಗಿಸಿ ಪಾತ್ರೆ ತೊಳೆಯುತ್ತಿದೆ. ಭಾನುವಾರ ಚರ್ಚಿನಲ್ಲಿ ಪಕ್ಕದಲ್ಲಿ ಕೂತವರ ವಾಸನೆಗೆ ಧೂಪವೂ ಸೋತಿತ್ತು. ಅಂಥದ್ದರಲ್ಲಿ ಈ ಮುದುಕಿ ಮನೆ ತುಂಬ ಹೊದಿಕೆ ಒಗೆದಿದ್ದಾಳೆ. ಬೋರಿನ ಪಂಪಿಗೆ ಪ್ಲಗ್ಗು ಎಂಬುದಿರುವುದಿಲ್ಲ. ಅದನ್ನು ನೇರ ಮನೆಯ ಸ್ವಿಚ್ಚುಪೆಟ್ಟಿಗೆಗೇ ಬಿಗಿದಿರುತ್ತಾರೆ. ಕಿಟಕಿಯಿಂದ ತಂದ ಒಂದು ವೈರಿನ ತುದಿಗೆ ಫ್ರಿಜ್ಜು ಹಾಕಬಹುದು, ದೀಪ ಹಾಕಬಹುದು, ಪಂಪು ಹಾಕಲು ಬರುವುದಿಲ್ಲ. ಪಂಪು ಓಡಬೇಕೆಂದರೆ ಇಡೀ ಮನೆಗೇ ಜನರೇಟರ್ ಕೊಟ್ಟಿರಬೇಕು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಇಷ್ಟು ದಿನ ಎಲ್ಲರೂ ಈ ಹಗ್ಗದ ಕೆಳಗೇ ಬಗ್ಗಿ ಓಡಾಡಿದ್ದೆವು.

ಕೊನೆಯ ಹೊದಿಕೆಯ ಹಿಂದೆ ಇನ್ನೊಂದಿತ್ತು. ಗಂಡಸಿನ ಅಂಗಿ, ಕಿತ್ತಳೆ ಬಣ್ಣದ್ದು, ಎದೆಯ ಮೇಲೆ ಹೊಳೆಯುವ ಪಟ್ಟಿ. ಲೈನ್‌ಮನ್ನಿನ ಅಂಗಿ. ತೋಳುಗಳು ಎರಡೂ ಕಡೆ ಚಾಚಿ ಮರಗಟ್ಟಿದ್ದವು. ಒಳಗೆ ಕರೆದೊಯ್ಯಲು ಯಾರೂ ಬಾರದೆ ನಿಂತ ಮನುಷ್ಯನ ಹಾಗೆ ಕಂಡಿತು.

* * *

"ಬಾ ಮಗಳೇ, ಬಾ. ಕಾಲು ಒದರಿ ಬಾ. ಎಷ್ಟು ದಿನ ಆಯ್ತು ಒಬ್ಬರ ಮುಖ ನೋಡಿ," ಎನ್ನುತ್ತಾ ಆಲ್ಫೊನ್ಸೀನ್ ಅತ್ತೆ ನನ್ನ ಕೋಟನ್ನು ತಾನೇ ಎಳೆದುಕೊಂಡಳು. ಬಂದವರು ಹೊರಟುಬಿಡದಿರಲಿ ಎಂದು ಹೀಗೆ ಕೋಟು ವಶಪಡಿಸಿಕೊಳ್ಳುವುದು ಅವಳ ಹಳೆಯ ಉಪಾಯ.

ಕಟ್ಟಿಗೆ ಒಲೆಯ ಮೇಲೆ ಕಾವಲಿ ಕಾದಿತ್ತು. ಕೇಳದೆಯೇ ಪ್ಲೋಯ್ ಹುಯ್ದಳು. ಪ್ಲೋಯ್ ಎಂದರೆ ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ಹಳದಿ ದೋಸೆ. ಒಂದೇ ಮೈ ಬೇಯಿಸಬೇಕು, ಮಗುಚಿದರೆ ಈ ಮನೆಯಿಂದ ಬಹಿಷ್ಕಾರ. ಜೊತೆಗೆ ಬೆಲ್ಲದ ಪಾಕ.

"ನಿನ್ನಮ್ಮನ ಹಾಗೇ ಸೊರಗಿದ್ದೀಯ. ತಿನ್ನು. ಗಂಡ ಕಾಗದ ಬರೀತಾನಾ?"

"ಇಲ್ಲ ಅತ್ತೆ."

"ಒಳ್ಳೇದಾಯ್ತು ಬಿಡು. ಅವನ ಅಕ್ಷರ ಯಾರು ಓದ್ತಾರೆ."

ಒಲೆಯ ಪಕ್ಕ ನೊರ್ಮಾಂನ ಕ್ಯಾನು ಇತ್ತು. ಲೋಟದಿಂದ ಎತ್ತಿ ಕೆಟಲಿಗೆ ನೀರು ಹಾಕಿದಳು. ಅರ್ಧ ಒಲೆಯ ಮೇಲೆ ಬಿತ್ತು.

"ನಲ್ಲೀಲಿ ನೀರಿಲ್ವಾ ಅತ್ತೆ?"

"ಪಂಪು ಕೆಟ್ಟಿದೆ ಕಣೇ. ಸೋಮವಾರದಿಂದ."

"ಸೋಮವಾರದವರೆಗೂ ಹೇಗೆ ಓಡ್ತಿತ್ತು?"

ಕೆಟಲ್ಲು ಅವಳ ಕೈಯಲ್ಲೇ ನಿಂತಿತು. ಹೊರಗೆ ಗಾಳಿಗೆ ಹೊದಿಕೆಗಳು ಒಂದಕ್ಕೊಂದು ಬಡಿದು ಹಲಗೆಯ ಸದ್ದು ಮಾಡಿದವು.

"ಊರಿಗೆಲ್ಲ ಕರೆಂಟಿಲ್ಲ, ನೀರಿಲ್ಲ. ನೀವು ಮಾತ್ರ ಒಗೆದು ಒಣಹಾಕಿದ್ದೀರ. ಅದರಲ್ಲಿ ರೆಯಾಲ್‌ದೂ ಒಂದು ಅಂಗಿ ಇದೆ. ನಾನು ಊಟಕ್ಕೆ ಬಂದಿಲ್ಲ ಅತ್ತೆ. ಕೆಳಗಿನ ನೆಲಮಾಳಿಗೆ ನೋಡ್ಬೇಕು."

"ಅಲ್ಲೇನಿದೆ, ಜಾಮ್ ಬಾಟಲಿ."

"ಜಾಮ್ ಬಾಟಲಿನೇ ನೋಡ್ತೀನಿ."

ಅವಳು ತಡೆಯಲಿಲ್ಲ. ದೀಪ ಹಿಡಿದು ತಾನೇ ಮುಂದೆ ಇಳಿದಳು, ಒಂದೊಂದು ಮೆಟ್ಟಿಲಿಗೂ ನಿಂತು.

ಗೋಡೆಯ ಬದಿ ಬಟ್ಟೆ ಒಣಗಿಸುವ ಮಷಿನ್ನು. ಅವಳು ಅದನ್ನೆಂದೂ ಬಳಸಿದವಳಲ್ಲ, ಮೇಲೆ ದಾರದುಂಡೆಗಳ ಬುಟ್ಟಿ ಇತ್ತು. ಆದರೆ ಮಷಿನ್ನನ್ನು ಯಾರೋ ಗೋಡೆಯಿಂದ ಮುಂದಕ್ಕೆ ಎಳೆದಿದ್ದರು. ನೆಲದ ಧೂಳಿನಲ್ಲಿ ಹಳೆಯ ಜಾಗ ಚೌಕವಾಗಿ ಉಳಿದಿತ್ತು. ಹಿಂದಿನ ದೊಡ್ಡ ಸಾಕೆಟ್ಟಿನಲ್ಲಿ ಮಷಿನ್ನಿನ ಪ್ಲಗ್ಗಿರಲಿಲ್ಲ. ಖಾಲಿ ತೂತುಗಳ ಸುತ್ತ ಮಸಿ ಹಿಡಿದಿತ್ತು.

ಸಾಕೆಟ್ಟು ಎಂದರೆ ಕರೆಂಟು ತೆಗೆದುಕೊಳ್ಳುವ ಜಾಗ. ಇಲ್ಲಿ ಅದರ ಮೂಲಕವೇ ಮನೆಗೆ ಕರೆಂಟು ತುಂಬಿದ್ದರು. ಅದಕ್ಕೆ ಎರಡೂ ತುದಿಗೆ ಪಿನ್ನಿರುವ ವೈರು ಬೇಕು. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಇಲ್ಲಿಗೆ. ಯಾವ ಅಂಗಡಿಯಲ್ಲೂ ಅದನ್ನು ಮಾರುವುದಿಲ್ಲ. ಒಂದು ತುದಿ ಕಿತ್ತುಬಂದರೆ ಬರಿಯ ಪಿನ್ನುಗಳಲ್ಲೇ ಕರೆಂಟು. ಲೈನ್‌ಮನ್‌ಗಳು ಅದನ್ನು ಸಾವಿನ ವೈರು ಎನ್ನುತ್ತಾರೆ.

"ವೈರು ಎಲ್ಲಿ?"

"ನೊರ್ಮಾಂ ತಗೊಂಡು ಹೋದ," ಎಂದಳು, ಮೆಟ್ಟಿಲ ಮೇಲೆ ಕೂರುತ್ತಾ. "ಅವತ್ತೇ. ರೆಯಾಲ್‌ನ ಇಳಿಸ್ತಾ ಇದ್ರು, ಇವನು ಒಳಗೆ ಓಡಿಬಂದ. ಎಷ್ಟು ವರ್ಷದ ಮೇಲೆ ಈ ಮನೆ ಮೆಟ್ಟಿಲು ತುಳಿದಿದ್ದು. ವೈರು ಕಿತ್ತು ಕೋಟಿನೊಳಗೆ ತುರುಕ್ಕೊಂಡ. ಪಂಪಿನ ವಿಷಯ ಯಾರ ಹತ್ರನೂ ಬಾಯಿ ಬಿಡ್ಬೇಡಿ ಅಂದ. ಆಮೇಲೆ ಕಿಟಕಿಯಿಂದ ಆ ಕಿತ್ತಳೆ ವೈರು ಹಾಕಿ ಫ್ರಿಜ್ಜಿಗೆ ಕೊಟ್ಟ."

"ವೈರು ಮಾಡಿಕೊಟ್ಟಿದ್ದು ಯಾರು?"

ಅವಳು ಏಪ್ರನ್ನಿನ ಅಂಚನ್ನು ಸುತ್ತುತ್ತಾ ಕೂತಳು.

"ಅತ್ತೆ, ಅಂಗಿ ಹೊರಗೇ ನೇತಾಡ್ತಿದೆ."

"ಅವನ ಹೆಸರು ಕೆಡಿಸ್ಬೇಡ ಓಡೀಲ್. ಚರ್ಚಲ್ಲಿ ಪೂಜೆ ದಿನ ಶವಪೆಟ್ಟಿಗೆ ಮೇಲೆ ಅವನ ಹೆಲ್ಮೆಟ್ ಇಟ್ಟಿದ್ರು, ನೋಡಿದ್ಯಲ್ಲ. ಕಂಪನಿಯವರೆಲ್ಲ ಟೋಪಿ ತೆಗೆದು ನಿಂತಿದ್ರು. ನೆಲ ಕರಗೋವರೆಗೂ ಮಣ್ಣು ಮಾಡಕ್ಕೂ ಆಗಲ್ಲ. ಹಾಗೇ ಮಲಗಿದಾನೆ ಹುಡುಗ. ಅಷ್ಟರೊಳಗೆ ಇದನ್ನ ಎತ್ತಬೇಡ."

ರೆಯಾಲ್ ಅವಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಚರ್ಚಿನಲ್ಲಿ ಹೆಸರಿಡುವ ದಿನ ಪವಿತ್ರ ನೀರಿನ ತೊಟ್ಟಿಯ ಬಳಿ ಅವನನ್ನು ಎತ್ತಿಕೊಂಡು ನಿಂತವಳು, ಅವನ ಧರ್ಮತಾಯಿ. ಈ ಕಡೆ ಅದು ಸಣ್ಣ ಸಂಬಂಧವಲ್ಲ.

ಆಮೇಲೆ ಹೇಳಿದಳು. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ, ಅಷ್ಟು ದಿನದಿಂದ ಮಾತಾಡಲು ಯಾರೂ ಸಿಕ್ಕಿರಲಿಲ್ಲ. ಐಸ್ ಮಳೆಯ ಮರುದಿನವೇ ರೆಯಾಲ್ ಬಂದನಂತೆ. ಇವಳು ಬಕೆಟ್ಟು ಹಿಡಿದು ಸರೋವರದ ಕಡೆ ಹೋಗುತ್ತಿದ್ದುದನ್ನು ನೋಡಿ, ಬಿದ್ದು ಸೊಂಟ ಮುರಿದುಕೊಂಡರೆ ಯಾರೂ ಕೇಳುವವರಿಲ್ಲ ಎಂದು ರೇಗಿ, ಸಂಜೆ ಆ ವೈರು ಮಾಡಿ ತಂದನಂತೆ.

"ಇದು ಮಾಡಬಾರದ್ದು ಅತ್ತೆ, ಬೇರೆ ಯಾರಾದ್ರೂ ಮಾಡಿದ್ರೆ ನಾನೇ ಕಪಾಳಕ್ಕೆ ಹೊಡೀತೀನಿ ಅಂದ. ವಸಂತದಲ್ಲಿ ನೊರ್ಮಾಂ ಉಗ್ರಾಣದ ಥರ ಸ್ವಿಚ್ಚು ಹಾಕ್ಸೋಣ, ಅಲ್ಲೀವರೆಗೆ ಜೋಪಾನ ಅಂದ. ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಬಂದು ತಾನೇ ಎಳೆದು ಚಾಲು ಮಾಡ್ತಿದ್ದ. ನನ್ನ ಕೈಲಿ ಆ ಹಗ್ಗ ಎಳೆಯೋಕಾಗುತ್ತಾ?"

"ಹೇಗೆ ಮಾಡ್ತಿದ್ದ? ಒಂದೊಂದಾಗಿ ಹೇಳಿ."

"ಮೊದಲು ಮೇಲಿನ ದೊಡ್ಡದನ್ನ ಇಳಿಸೋದು. ಉಳಿದ ಚಿಕ್ಕವನ್ನೂ ಇಳಿಸೋದು. ಆಮೇಲೆ ವೈರು. ಎಂಜಿನ್ನಿಗೆ ಏನೂ ಹೊರಿಸದೆ ಚಾಲು ಮಾಡಿ, ಸ್ವಲ್ಪ ಹೊತ್ತು ಅದರ ಪಾಡಿಗೆ ಓಡೋಕೆ ಬಿಡ್ಬೇಕು. ಅದರ ಉಸಿರು ನೆಟ್ಟಗಾದ ಮೇಲೆ ಮೊದಲು ಪಂಪು. ಅದು ಶುರುವಿನಲ್ಲಿ ಜಾಸ್ತಿ ಕುಡಿಯುತ್ತೆ. ಅದು ತಣ್ಣಗಾದ ಮೇಲೆ ಒಲೆ ಫ್ಯಾನು, ಕೊನೇಗೆ ಫ್ರಿಜ್ಜು. ಎಲ್ಲ ಒಟ್ಟಿಗೆ ಹೇರಿದ್ರೆ ಗೊಂಯ್ ಅಂತ ನಿಂತುಹೋಗುತ್ತೆ." ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು, ಹೆಮ್ಮೆಯಿಂದ. "ಎಂಜಿನ್ ಮನೇಯಿಂದ ದೂರ, ಸೌದೆ ಕೊಟ್ಟಿಗೆ ಆಚೆ ಇಟ್ಟಿದ್ದ. ಹೊಗೆ ಒಳಗೆ ಬರಬಾರದು ಅಂತ."

ಅಚ್ಚುಕಟ್ಟಾದ ಕೆಲಸ. ಒಂದು ತಪ್ಪಿನ ಸುತ್ತ ಅವನು ಬೇರೆಲ್ಲವನ್ನೂ ಸರಿಯಾಗಿ ಮಾಡಿದ್ದ. ಆ ಒಂದು ತಪ್ಪಿಗೆ ಕಾವಲು ಒಂದೇ ಒಂದು, ಮೇಲಿನ ದೊಡ್ಡ ಸ್ವಿಚ್ಚು. ಅದು ಕೆಳಗಿದೆ ಎಂದು ಅವನಿಗೆ ಗೊತ್ತಿತ್ತು. ಅವನೇ ಇಳಿಸಿದ್ದ. ಅದಕ್ಕೇ ಸೋಮವಾರ ಈ ಮನೆಯ ಮುಂದಿನ ಕಂಬಕ್ಕೆ ಧೈರ್ಯವಾಗಿ ಏರಿದ್ದ.

ನನಗೆ ಮುಂದಿನ ಪ್ರಶ್ನೆ ಕೇಳಲು ಮನಸ್ಸಿರಲಿಲ್ಲ. ಕೇಳುವುದೇ ನನ್ನ ಹೊಟ್ಟೆಪಾಡು.

"ಸೋಮವಾರ ಆ ದೊಡ್ಡದನ್ನ ಯಾರಾದರೂ ಮುಟ್ಟಿದ್ರಾ ಅತ್ತೆ?"

"ಅದೇ ಕಣೇ ನಾನು ಮಾಡಿದ ದಡ್ಡತನ," ಎಂದು ನಾಚಿಕೊಂಡಳು. "ಅದು ಕೆಳಗಿದ್ರೆ ಊರಿನ ಕರೆಂಟು ಬಂದ್ರೂ ನಮಗೆ ಗೊತ್ತಾಗಲ್ಲ. ಬೇರೆಯವರು ಪಕ್ಕದ ಮನೆ ದೀಪ ನೋಡಿ ತಿಳ್ಕೋತಾರೆ. ನಂಗ್ಯಾವ ಪಕ್ಕದ ಮನೆ? ಅವತ್ತು ಅಡುಗೆಮನೆ ಕಿಟಕೀಲಿ ನೋಡ್ತೀನಿ, ರೆಯಾಲ್ ಕಂಬದ ಮೇಲಿದಾನೆ, ಲಾರಿಯಿಂದ ಮೇಲೆತ್ತೋ ಆ ಬುಟ್ಟೀಲಿ. ನನ್ನ ಕಡೆ ಕೈ ಎತ್ತಿದ. ಆಯ್ತು ಅಂತಿದಾನೆ, ಕರೆಂಟು ಬಂತು ಅಂದ್ಕೊಂಡೆ. ಕೆಳಗೆ ಬಂದು ಮೇಲೆತ್ತಿ ನೋಡಿದೆ, ಅಷ್ಟೇ. ಎಂಜಿನ್ ಗೊಂಯ್ ಅಂದು ಎಲ್ಲ ಆರಿಹೋಯ್ತು. ಹೆದರಿ ತಕ್ಷಣ ಇಳಿಸಿಬಿಟ್ಟೆ. ಅವನಿಗೆ ಹೇಳ್ಬೇಕು ಅಂತ ಮೇಲೆ ಬಂದೆ. ಬೈತಾನೆ ಅಂತ ಅಳುಕು ಬೇರೆ. ಹೊರಗೆ ನೋಡಿದ್ರೆ ಜನ ಓಡ್ತಿದಾರೆ."

ಅವಳು ನನ್ನ ಮುಖ ನೋಡುತ್ತಿದ್ದಳು. ಎಂಜಿನ್ ನಿಂತುಹೋಗುವಂತೆ ಮಾಡಿದ ತಪ್ಪಿಗೆ ನಾನು ಬೈಯುತ್ತೇನೋ ಎಂದು ಕಾಯುತ್ತಿದ್ದಳು.

ಅವಳಿಗೆ ಗೊತ್ತಿಲ್ಲ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ರೆಯಾಲ್‌ನ ಹೆಸರಿಗಾಗಿ, ಅವನು ಮಾಡಬಾರದ ವೈರು ಮಾಡಿದ ಎಂಬುದಕ್ಕಾಗಿ. ತನ್ನ ಕೈಯ ವಿಷಯ ಅವಳ ಮನಸ್ಸಿಗೆ ಹೊಳೆದೇ ಇಲ್ಲ. ನೊರ್ಮಾಂಗೆ ಹೊಳೆದಿತ್ತು. ಮಸಿ ಹಿಡಿದ ಸಾಕೆಟ್ಟು ನೋಡಿದ ಕೂಡಲೇ ಹೊಳೆದು, ವೈರು ಬಚ್ಚಿಟ್ಟು, ತನ್ನ ಹೆಗಲು ಒಡ್ಡಿದ್ದ. ಒಂದು ಹಳೆಯ ಬೇಲಿಜಗಳದ ಆಚೆ ನಿಂತು ಅವನು ಈ ಮುದುಕಿಯನ್ನು ನೋಡಿಕೊಳ್ಳುತ್ತಿದ್ದದ್ದು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ.

ಈಗ ನಾನು ಬರೆದರೆ ಅವನು ಉಳಿಯುತ್ತಾನೆ, ಇವಳು ಹೋಗುತ್ತಾಳೆ. ಜೈಲಿಗಲ್ಲ, ಈ ವಯಸ್ಸಿಗೆ ಯಾವ ನ್ಯಾಯಾಧೀಶರೂ ಕಳಿಸಲಿಕ್ಕಿಲ್ಲ. ಈ ದಾರಿಯ ಕೊನೆಯಲ್ಲಿ, ಆ ಕಂಬ ಕಾಣುವ ಕಿಟಕಿಯ ಮುಂದೆ, ಉಳಿದ ಆಯುಷ್ಯವನ್ನು ಕಳೆಯಬೇಕು. ನನಗಾದರೆ ಜೈಲೇ ಮೇಲು ಎನಿಸೀತು.

"ಮೇಲೆ ಹೋಗೋಣ ಅತ್ತೆ. ಇಲ್ಲಿ ಚಳಿ," ಎಂದೆ.

* * *

ಅಡುಗೆಮನೆಗೆ ಬಂದು ಕೂರುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸರ್ಕಾರಿ ವಕೀಲ ವಿನ್‌ಸ್ಲೋ. ಅವನ ಗಂಟಲಿಗೆ ಫೋನಿನ ಅಗತ್ಯವಿಲ್ಲ, ಕಿಟಕಿ ತೆಗೆದರೆ ಸಾಕು.

"ಓಡೀಲ್, ದಶೆನ್ ಸಹಿ ಹಾಕಿದ ತಪ್ಪೊಪ್ಪಿಗೆ ನನ್ನ ಮುಂದಿದೆ. ಮಧ್ಯಾಹ್ನ ಜಡ್ಜ್ ಮುಂದೆ ಇಡ್ತೀನಿ. ಅವನ ಸ್ವಿಚ್ಚು ನೋಡಿದ್ರಾ? ಕೆಟ್ಟಿತ್ತು ತಾನೆ? ಹೌದು ಅಂದ್ಬಿಡಿ, ಮುಗಿಸೋಣ."

ನಾನು ಫೋನನ್ನು ಎದೆಗೆ ಒತ್ತಿಕೊಂಡೆ. ತಡವಾಗಿತ್ತು.

"ನೊರ್ಮಾಂ ಏನು ಒಪ್ಕೊಂಡ?" ಎಂದಳು ಅತ್ತೆ.

"ಏನಿಲ್ಲ ಅತ್ತೆ. ಕಚೇರಿ ವಿಷಯ."

"ನನ್ನ ಕಿವಿ ಇನ್ನೂ ಕೇಳುತ್ತೆ. ರೆಯಾಲ್‌ನ ತಾನು ಕೊಂದೆ ಅಂತ ಒಪ್ಕೊಂಡನಾ?"

ನಾನು ಫೋನನ್ನು ಇನ್ನಷ್ಟು ಒತ್ತಿ ಹಿಡಿದೆ.

"ಅದು ಹೇಗಾಗುತ್ತೆ? ಅವನ ಸ್ವಿಚ್ಚು ಎರಡೂ ಒಟ್ಟಿಗೆ ಹಾಕಕ್ಕೆ ಬರಲ್ಲ. ರೆಯಾಲ್‌ನೇ ಹೇಳಿದ್ನಲ್ಲ." ಕುರ್ಚಿಯ ಅಂಚಿಗೆ ಸರಿದಳು. "ಸುಳ್ಳು ಹೇಳ್ತಿದಾನೆ. ಯಾರನ್ನೋ ಮುಚ್ಚಿಡ್ತಿದಾನೆ. ರೆಯಾಲ್‌ನಾ? ಅವನಿಗೂ ಇವನಿಗೂ ಎಣ್ಣೆ ಸೀಗೆಕಾಯಿ. ಸತ್ತವನ ಹೆಸರಿಗೋಸ್ಕರ ಯಾರೂ ಜೈಲಿಗೆ ಹೋಗಲ್ಲ. ಬದುಕಿರೋರಿಗೋಸ್ಕರ ಹೋಗ್ತಾರೆ."

"ಅತ್ತೆ..."

"ಈ ದಾರೀಲಿ ಬದುಕಿರೋರು ಇನ್ಯಾರಿದಾರೆ?"

ಅವಳ ಕಣ್ಣು ನೆಲಮಾಳಿಗೆಯ ಬಾಗಿಲಿಗೆ ಹೋಯಿತು. ಅಲ್ಲಿಂದ ಕಿಟಕಿಗೆ, ಕಿಟಕಿಯಾಚೆಯ ಕಂಬಕ್ಕೆ. ಮತ್ತೆ ಬಾಗಿಲಿಗೆ. ಆ ದಾರಿಯನ್ನು ಅವಳು ಮನಸ್ಸಿನಲ್ಲಿ ನಡೆಯುತ್ತಿದ್ದಾಳೆಂದು ನನಗೆ ಗೊತ್ತಾಯಿತು.

"ಓಡೀಲ್, ನಾನು ಅದನ್ನ ಮೇಲೆತ್ತಿದಾಗ," ಎಂದು ನಿಲ್ಲಿಸಿದಳು. "ಅವನ ಕೈ ತಂತಿ ಮೇಲಿತ್ತಾ?"

ಈ ಕೆಲಸದಲ್ಲಿ ನಾನು ನಿರಾಯಾಸವಾಗಿ ಸುಳ್ಳು ಹೇಳುತ್ತೇನೆ. ಕಳ್ಳರಿಗೆ ಹೇಳಿದ್ದೇನೆ, ತಾಯಂದಿರಿಗೂ ಹೇಳಿದ್ದೇನೆ. ಇವಳ ಪ್ಲೋಯ್ ಇನ್ನೂ ನನ್ನ ಬಾಯಲ್ಲಿತ್ತು. ನಾಲಗೆ ಏಳಲಿಲ್ಲ.

ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಆಮೇಲೆ ಎದ್ದು, ಏಪ್ರನ್ನಿಗೆ ಕೈ ಒರೆಸಿ, ನನ್ನ ಮುಂದೆ ಚಾಚಿದಳು.

"ಕೊಡು ಇಲ್ಲಿ."

"ಬೇಡ ಅತ್ತೆ. ನಾನು ನೋಡ್ಕೋತೀನಿ. ಸ್ವಲ್ಪ ಸಮಯ ಕೊಡಿ."

"ಕೊಡು ಅಂದೆ."

ಚಿಕ್ಕಂದಿನಲ್ಲಿ ಅವಳ ಸೇಬು ಕದ್ದಾಗ ಇದೇ ದನಿಯಲ್ಲಿ ಕೇಳಿದ್ದಳು. ಆಗಲೂ ನಾನು ಕೊಟ್ಟಿದ್ದೆ.

"ಸ್ವಾಮಿ, ನಾನು ಆಲ್ಫೊನ್ಸೀನ್," ಎಂದಳು ಫೋನಿಗೆ, ಗಟ್ಟಿಯಾಗಿ, ದೂರದವರಿಗೆ ಕೂಗುವ ಹಾಗೆ. "ದಾರಿ ಕೊನೇ ಮನೆಯವಳು. ನೊರ್ಮಾಂ ಹೇಳಿದ್ದೆಲ್ಲ ಸುಳ್ಳು, ಅದನ್ನ ಹರಿದುಹಾಕಿ. ಸ್ವಿಚ್ಚು ಎತ್ತಿದ್ದು ನಾನು. ಆ ವೈರು ಮಾಡಿದ್ದೂ ನಾನೇ, ನನ್ನ ಕೈಯಾರೆ. ಯಾರೂ ಹೇಳಿಕೊಟ್ಟಿಲ್ಲ. ರೆಯಾಲ್‌ಗೆ ಇದರ ಗಂಧಗಾಳಿಯೂ ಗೊತ್ತಿಲ್ಲ. ಈ ಮನೆಗೆ ಯಾರೂ ಬರ್ತಿರಲಿಲ್ಲ ಸ್ವಾಮಿ. ಯಾರೂ ಬರ್ತಿರಲಿಲ್ಲ."

ಆ ಕಡೆಯಿಂದ ವಿನ್‌ಸ್ಲೋ ಏನೋ ಕೇಳಿದ. ಮೊದಲ ಸಲ ಅವನ ದನಿ ನನಗೆ ಕೇಳಿಸಲಿಲ್ಲ.

ಅವಳು ಫೋನನ್ನು ನನಗೆ ಹಿಂತಿರುಗಿಸಿದಳು.

"ನಿನ್ನನ್ನ ಕೇಳ್ತಿದಾರೆ," ಎಂದಳು. "ನಾನು ಹೇಳಿದ್ದು ನಿಜಾನಾ ಅಂತ."